ವೈರಾಣುವಿನ ಸ್ಫಟಿಕ ತಿಜೋರಿ

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನೊಬ್ಬ ವೈರಾಣುಗಳ ವಿಚಾರ ಬರೆಯ ಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ ಸರಿ. ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳನ್ನು ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ವೈದ್ಯ ಮಹನೀಯರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ನಾನು ಆರಿಸಿಕೊಂಡಿರುವುದು ಮನುಷ್ಯನ ಕಾಯಿಲೆಯನ್ನಲ್ಲ, ಹುಳುವಿನ ಕಾಯಿಲೆಯನ್ನು. ಆದರೆ ಆ ಹುಳುವಿನ ಆರೋಗ್ಯದ ಮೇಲೆ ಕನ್ನಡನಾಡಿನ ಸಾವಿರಾರು ಸಂಸಾರಗಳ ಅನ್ನ ನಿಂತಿದೆ. ಅದಕ್ಕೆ ಕಾಯಿಲೆ ತರುವ ವೈರಾಣು ತನ್ನ ರಕ್ಷಣೆಗೆಂದು ಕಟ್ಟಿಕೊಳ್ಳುವ ಒಂದು ಹರಳು ಇದೆ. ಅದರ ಪ್ರೋಟೀನನ್ನು ಬೆನ್ನಟ್ಟಿ ಹೋದವರು ಮನುಷ್ಯರಿಗೆ ಹಾಕುವ ಲಸಿಕೆಯವರೆಗೂ ಬಂದು ಮುಟ್ಟಿದ್ದಾರೆ. ಆದುದರಿಂದ ವಿಷಯವು ಆರೋಗ್ಯ ವಿಭಾಗಕ್ಕೆ ತೀರ ಹೊರಗಿನದೆಂದು ಸಂಪಾದಕ ಮಂಡಲಿಯವರು ಭಾವಿಸಲಾರರೆಂದು ನಂಬಿದ್ದೇನೆ.

ರೇಷ್ಮೆ ಸಾಕುವವರು ಈ ರೋಗವನ್ನು ಹಾಲುತೊಂಡೆ ಎನ್ನುತ್ತಾರೆ. ರೋಗ ತಗುಲಿದ ಹುಳುವಿನ ಚರ್ಮ ಬಿಗಿದು ಹೊಳೆಯುತ್ತದೆ. ಮೈಯ ಗೆಣ್ಣುಗಳು ಊದಿಕೊಳ್ಳುತ್ತವೆ. ಸೊಪ್ಪಿನ ಗೊಡವೆ ಬಿಟ್ಟು ಅದು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡುತ್ತದೆ. ಸ್ವಲ್ಪ ತಗುಲಿದರೂ ಚರ್ಮ ಒಡೆದು ಹಾಲಿನಂತಹ ದ್ರವ ಒಸರುತ್ತದೆ. ಸಪ್ಪೆ ರೋಗ, ಸುಣ್ಣಕಟ್ಟು ರೋಗ, ಗಂಟು ರೋಗ ಎಂಬ ಇತರ ಪಿಡುಗುಗಳೂ ಉಂಟು. ಆದರೆ ಈ ಲೇಖನಕ್ಕೆ ಬೇಕಾದುದು ಆ ಹಾಲು ಮಾತ್ರ. ಅದರ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆಳಕನ್ನು ಬಾಗಿಸುತ್ತ ಥಳಥಳಿಸುವ ಅಸಂಖ್ಯಾತ ಕಣಗಳು ಕಾಣುತ್ತವೆ. ಹಲವು ಮುಖಗಳುಳ್ಳ ಈ ಕಣಗಳಿಗೆ ಬಹುಮುಖಿಗಳೆಂದು ಹೆಸರು. ಒಂದೊಂದರ ಅಗಲ ಕೆಲವೇ ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗ. ಅವು ರೋಗಾಣುಗಳಲ್ಲ, ರೋಗಾಣುಗಳನ್ನು ಒಳಗಿಟ್ಟು ಬೀಗ ಹಾಕಿದ ತಿಜೋರಿಗಳು.

ಇಷ್ಟು ತಿಳಿಯುವುದಕ್ಕೆ ನೂರು ವರ್ಷಗಳೇ ಹಿಡಿದುವು. ರೇಷ್ಮೆಹುಳುವನ್ನು ಕುರಿತು ಇಟಲಿಯ ಕವಿ ಮಾರ್ಕೊ ಜಿರೊಲಾಮೊ ವೀಡಾ 1527ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯದಲ್ಲಿಯೇ ಈ ರೋಗದ ವರ್ಣನೆ ಇದೆಯೆಂದು ತಿಳಿದವರು ಹೇಳುತ್ತಾರೆ. ಆದರೆ ಹರಳುಗಳು ಕಣ್ಣಿಗೆ ಬಿದ್ದುದು 1856ರಲ್ಲಿ. ಕಂಡವರು ಅದೇ ದೇಶದ ಮಾಯೆಸ್ತ್ರಿ ಮತ್ತು ಕೊರ್ನಾಲಿಯ. ಅದೇ ಶತಮಾನದ ಕೊನೆಯ ದಶಕದಲ್ಲಿ ಬೊಲ್ಲೆ ಎಂಬ ಸಂಶೋಧಕ ಇವು ಪ್ರೋಟೀನಿನ ಹರಳುಗಳೆಂದೂ ಹುಳುವಿನ ಕರುಳಿನ ಕ್ಷಾರರಸದಲ್ಲಿ ಕರಗುವುವೆಂದೂ ತೋರಿಸಿದನು. ಒಳಗೇನಿದೆ ಎಂಬುದು ಖಚಿತವಾದುದು 1947ರಲ್ಲಿ. ಜರ್ಮನಿಯ ಬೆರ್ಗೋಲ್ಡ್ ಹರಳುಗಳನ್ನು ದುರ್ಬಲ ಕ್ಷಾರದಲ್ಲಿ ಕರಗಿಸಿ, ಉಳಿದುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಣ್ಣ ಕೋಲುಗಳಂತಹ ವೈರಾಣುಗಳು ಹೊರಬಿದ್ದಿದ್ದುವು. ಇದಕ್ಕೂ ಮುಂಚೆ, 1934ರಲ್ಲಿ, ಜಪಾನಿನ ಇಶಿಮೋರಿ ರೇಷ್ಮೆಹುಳುವಿನಲ್ಲಿಯೇ ಇನ್ನೊಂದು ಬಗೆಯ ಬಹುಮುಖಿ ರೋಗವನ್ನು ವರದಿ ಮಾಡಿದ್ದನು. ಹಾಲುತೊಂಡೆಯ ಹರಳುಗಳು ಜೀವಕೋಶದ ಕೇಂದ್ರದೊಳಗೆ ಬೆಳೆದರೆ, ಇಶಿಮೋರಿ ಕಂಡವು ಕೇಂದ್ರದ ಹೊರಗೆ, ಕರುಳಿನ ಗೋಡೆಯ ಕೋಶಗಳ ರಸದಲ್ಲಿ ಬೆಳೆಯುತ್ತವೆ. ಮೊದಲನೆಯದಕ್ಕೆ ಬಾಕ್ಯುಲೊ ವೈರಸ್, ಎರಡನೆಯದಕ್ಕೆ ಸೈಪೊ ವೈರಸ್ ಎಂದು ಹೆಸರು. ಈ ಎರಡು ಹೆಸರುಗಳನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇವೆರಡರ ನಡುವೆ ಒಂದು ವಿಚಿತ್ರ ಸಂಬಂಧ ಬರುತ್ತದೆ.

ವೈರಾಣುವಿಗೆ ತಿಜೋರಿ ಏಕೆ ಬೇಕು? ಸತ್ತ ಹುಳು ಕರಗಿ ನೀರಾಗುತ್ತದೆ. ಅದರೊಳಗಿದ್ದ ವೈರಾಣು ಬಿಸಿಲಿಗೆ, ಒಣಹವೆಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬೆತ್ತಲೆಯಾಗಿ ಸಿಕ್ಕಿದರೆ ಬಹುಕಾಲ ಉಳಿಯಲಾರದು. ಮುಂದಿನ ಹುಳು ಎಂದು ಬರುವುದೋ ಯಾರಿಗೆ ಗೊತ್ತು? ಹರಳಿನೊಳಗೆ ಅಡಗಿದ ವೈರಾಣುವಾದರೋ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲದು. ಹುಳು ಸೊಪ್ಪಿನೊಡನೆ ಹರಳನ್ನು ನುಂಗಿದ ಮೇಲೆ ಬೀಗ ತೆರೆಯುತ್ತದೆ. ನಮ್ಮ ಜಠರದಲ್ಲಿರುವುದು ಆಮ್ಲ. ಎಲೆ ತಿನ್ನುವ ಇಂತಹ ಹುಳುಗಳ ಕರುಳಿನಲ್ಲಿರುವುದು ತೀಕ್ಷ್ಣ ಕ್ಷಾರ. ಆ ಕ್ಷಾರದಲ್ಲಿ ಹರಳು ಕರಗಿ, ವೈರಾಣು ಸರಿಯಾದ ಸ್ಥಳದಲ್ಲಿಯೇ ಬಿಡುಗಡೆಯಾಗುತ್ತದೆ.

ನಮ್ಮ ಬ್ಯಾಂಕುಗಳಲ್ಲಿ ಲಾಕರಿಗೆ ಎರಡು ಕೀಲಿಗಳಿರುವುದನ್ನು ತಾವು ಬಲ್ಲಿರಿ. ಒಂದು ಗ್ರಾಹಕರದು, ಒಂದು ನಮ್ಮದು. ಇಲ್ಲಿ ಕೀಲಿ ಒಂದೇ, ಅದೂ ಕನ್ನ ಹಾಕಿಸಿಕೊಳ್ಳುವ ಮನೆಯವನ ಕೈಯಲ್ಲಿ! ಬೇರೆ ಯಾವುದಕ್ಕೂ ಬಗ್ಗದ ಬಾಗಿಲು ಒಂದೇ ಒಂದು ಕೀಲಿಗೆ ಕ್ಷಣಮಾತ್ರದಲ್ಲಿ ತೆರೆದುಕೊಳ್ಳುವುದಾದರೆ ಆ ಬೀಗದ ಒಳರಚನೆ ಹೇಗಿರಬೇಕು? ಬೊಲ್ಲೆಯ ಕಾಲದಿಂದ ಉಳಿದುಕೊಂಡಿದ್ದ ಪ್ರಶ್ನೆ ಇದು.

ಈ ಪ್ರಶ್ನೆ ಕೇವಲ ಪಂಡಿತರ ಕುತೂಹಲವಲ್ಲವೆಂದು ನನಗೆ ಮನದಟ್ಟಾದುದು ಕೋಲಾರದ ಕಡೆಯ ಒಂದು ಗ್ರಾಮೀಣ ಶಾಖೆಯಲ್ಲಿ. ರೇಷ್ಮೆ ಸಾಲ ಪಡೆದವರ ಹುಳುಮನೆಗಳನ್ನು ನೋಡಿ ವರದಿ ಬರೆಯುವುದು ಆಗ ನನ್ನ ಕೆಲಸಗಳಲ್ಲೊಂದಾಗಿತ್ತು. ಒಂದು ಮನೆಯಲ್ಲಿ ಗಂಡ ಹೆಂಡತಿ ತಟ್ಟೆ ತಟ್ಟೆಯಾಗಿ ಹುಳುಗಳನ್ನು ತಂದು ಹಿತ್ತಿಲಿನ ಗುಂಡಿಗೆ ಸುರಿಯುತ್ತಿದ್ದರು. “ಇಪ್ಪತ್ತು ದಿನ ಮಗುವಿನಂಗೆ ಸಾಕಿದೋ ಸ್ವಾಮಿ, ನಾಲ್ಕನೇ ಜ್ವರ ಎದ್ದಮ್ಯಾಕೆ ಹಾಲಾಯ್ತು” ಎಂದರು ಯಜಮಾನರು. ಜ್ವರವೆಂದರೆ ಹುಳು ಪೊರೆ ಬಿಡುವ ಅವಧಿ. ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವುದಕ್ಕೆ ಒಂದು ವಾರ ಮಾತ್ರ ಉಳಿದಿರುತ್ತದೆ. ಮೊಟ್ಟೆಯ ದುಡ್ಡು, ಗೊಬ್ಬರದ ದುಡ್ಡು, ಕೂಲಿ, ಸೊಪ್ಪಿನ ಬಹುಪಾಲು ಎಲ್ಲವೂ ಖರ್ಚಾದ ಮೇಲೆ, ಒಂದು ರೂಪಾಯಿಯೂ ಕೈಸೇರುವ ಮುನ್ನ ಬರುವ ನಷ್ಟ ಇದು. ನಮ್ಮ ಖಾತೆಯಲ್ಲಿ ಅದು ಕಂತು ತಪ್ಪಿದ ಒಂದು ಸಾಲು. ಅವರ ಮನೆಯಲ್ಲಿ ಏನೆಂಬುದನ್ನು ಬರೆಯಲು ನಮ್ಮ ನಮೂನೆಯಲ್ಲಿ ಅಂಕಣವಿರಲಿಲ್ಲ. ಆ ಗುಂಡಿಯ ಮಣ್ಣಿನಲ್ಲಿ, ತಟ್ಟೆಗಳ ಸಂದಿನಲ್ಲಿ, ನೆಲದ ಬಿರುಕುಗಳಲ್ಲಿ ಉಳಿದುಕೊಂಡ ಹರಳುಗಳು ಮುಂದಿನ ಬೆಳೆಗಾಗಿ ಕಾದಿದ್ದುವೆಂಬುದು ಮಾತ್ರ ನಿಶ್ಚಯ.

ಹರಳಿನ ಒಳನೋಟ

ಪ್ರೋಟೀನಿನಂತಹ ದೊಡ್ಡ ಅಣುವಿನ ಒಳಗೆ ಯಾವ ಪರಮಾಣು ಎಲ್ಲಿದೆ ಎಂಬುದನ್ನು ಕಂಡುಹಿಡಿಯಲು ವಿಜ್ಞಾನಿಗಳಿಗಿರುವ ಹಳೆಯ, ನಂಬಿಕೆಯ ಮಾರ್ಗವೆಂದರೆ ಕ್ಷ-ಕಿರಣಗಳದು. ಹರಳಿನಲ್ಲಿ ಅಣುಗಳು ಸಿಪಾಯಿಗಳಂತೆ ಸಾಲುಗಟ್ಟಿ ನಿಂತಿರುತ್ತವೆ. ಅದರ ಮೇಲೆ ಕ್ಷ-ಕಿರಣ ಬಿಟ್ಟರೆ ಕಿರಣಗಳು ನಿರ್ದಿಷ್ಟ ದಿಕ್ಕುಗಳಿಗೆ ಚೆದರಿ ಚುಕ್ಕೆಗಳ ವಿನ್ಯಾಸವನ್ನು ಮೂಡಿಸುತ್ತವೆ. ಆ ಚುಕ್ಕೆಗಳ ಸ್ಥಾನ ಮತ್ತು ಪ್ರಖರತೆಗಳಿಂದ ಹಿಂದುಮುಂದಾಗಿ ಲೆಕ್ಕ ಹಾಕುತ್ತ ಅಣುವಿನ ಆಕಾರಕ್ಕೆ ಬರಬೇಕು. ಸಾಮಾನ್ಯವಾಗಿ ಇಲ್ಲಿನ ದೊಡ್ಡ ಕಷ್ಟವೆಂದರೆ ಪ್ರೋಟೀನನ್ನು ಹರಳುಗಟ್ಟಿಸುವುದು. ತಿಂಗಳುಗಟ್ಟಲೆ ಪ್ರಯತ್ನಿಸಿ ಸೋತವರು ಎಷ್ಟೋ ಮಂದಿ. ವೈರಾಣುವೇನೋ ಆ ಕೆಲಸವನ್ನು ಜೀವಕೋಶದೊಳಗೆ ತಾನೇ ಮಾಡಿಕೊಟ್ಟಿದೆ. ಆದರೆ ಹರಳು ತೀರ ಸಣ್ಣದು. ಸಣ್ಣ ಹರಳು ಕೊಡುವ ಚುಕ್ಕೆಗಳೂ ಮಂಕು. ಕಿರಣವನ್ನು ಪ್ರಖರಗೊಳಿಸಿದರೆ ಹರಳೇ ಸುಟ್ಟುಹೋಗುತ್ತದೆ. ಈ ಇಕ್ಕಟ್ಟಿನಲ್ಲಿಯೇ ದಶಕಗಳು ಕಳೆದುವು.

ಗಂಟು ಬಿಚ್ಚಿದುದು 2007ರಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ಪೀಟರ್ ಮೆಟ್‌ಕಾಫ್, ಫಸ್ಸೆಲಿ ಕುಲಿಬಾಲಿ ಮತ್ತು ಜಪಾನಿನ ಕ್ಯೋಟೊ ತಾಂತ್ರಿಕ ಸಂಸ್ಥೆಯ ಹಾಜಿಮೆ ಮೋರಿ ಮೊದಲಾದವರು ರೇಷ್ಮೆಹುಳುವಿನ ಸೈಪೊ ವೈರಸ್ಸಿನ ಹರಳುಗಳನ್ನು ಆರಿಸಿಕೊಂಡರು. ಕೀಟದ ಜೀವಕೋಶಗಳಿಂದ ತೆಗೆದ 5ರಿಂದ 12 ಮೈಕ್ರಾನಿನ ಹರಳುಗಳನ್ನು, ಕರಗಿಸದೆ, ಹೊಸದಾಗಿ ಬೆಳೆಸದೆ, ಇದ್ದಂತೆಯೇ ಸ್ವಿಟ್ಜರ್ಲೆಂಡಿನ ಸಿಂಕ್ರೊಟ್ರಾನ್ ಯಂತ್ರದ ಕೂದಲಿಗಿಂತ ಸಪೂರವಾದ ಕ್ಷ-ಕಿರಣದ ಮುಂದೆ ಹಿಡಿದರು. ಹಿಂದಿನ ಮಾದರಿಯ ನೆರವಿಲ್ಲದೆ ಪ್ರೋಟೀನೊಂದರ ರಚನೆಯನ್ನು ಇಷ್ಟು ಸಣ್ಣ ಹರಳಿನಿಂದ ಅಲ್ಲಿಯವರೆಗೆ ಯಾರೂ ಬಿಡಿಸಿರಲಿಲ್ಲ. ದೊರೆತ ಚಿತ್ರದ ಸೂಕ್ಷ್ಮತೆ 2 ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಒಂದು ಆಂಗ್‌ಸ್ಟ್ರಾಮ್.

ಕಂಡುದೇನು? ಈ ಹರಳಿನ ಇಟ್ಟಿಗೆ ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನು. 248 ಅಮೈನೋ ಆಮ್ಲಗಳ ಸರಪಣಿ. ಅಂತಹ ಮೂರು ಅಣುಗಳು ಒಂದನ್ನೊಂದು ಅಪ್ಪಿ ಒಂದು ಕೂಟವಾಗುತ್ತವೆ. ನಾಲ್ಕು ಕೂಟಗಳು, ಅಂದರೆ ಹನ್ನೆರಡು ಅಣುಗಳು, ಸೇರಿ ಒಂದು ಗುಚ್ಛ. ಪ್ರತಿಯೊಂದು ಅಣುವಿನ ತುದಿಯಿಂದ ಸುರುಳಿಯಾಕಾರದ ಒಂದು ತೋಳು ಚಾಚಿ ನೆರೆಯ ಕೂಟಗಳನ್ನು ಹಿಡಿದುಕೊಂಡಿದೆ. ಎರಡು ಅಣುಗಳು ಸಂಧಿಸುವೆಡೆಯಲ್ಲಿ ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಎಷ್ಟು ಬಿಗಿಯಾಗಿ ಕೂಡಿವೆಯೆಂದರೆ ನಮ್ಮ ರಕ್ತದ ಪ್ರತಿಕಾಯವು ತನ್ನ ಶತ್ರುವನ್ನು ಹಿಡಿಯುವ ಹಿಡಿತಕ್ಕೆ ಸಂಶೋಧಕರು ಅದನ್ನು ಹೋಲಿಸಿದ್ದಾರೆ. ಸಾಮಾನ್ಯ ಪ್ರೋಟೀನು ಹರಳಿನಲ್ಲಿ ಸುಮಾರು ಅರ್ಧದಷ್ಟು ನೀರೇ ತುಂಬಿರುತ್ತದೆ. ಇಲ್ಲಿ ನೀರಿನ ಪಾಲು ನೂರಕ್ಕೆ 19 ಮಾತ್ರ. ಸಂದು ಸಿಗದಿದ್ದರೆ ಕಳ್ಳ ನುಗ್ಗುವುದೆಲ್ಲಿಂದ? ವೈರಾಣು ತುಂಬಿದ ಹರಳಿನಲ್ಲಿಯೂ ಖಾಲಿ ಹರಳಿನಲ್ಲಿಯೂ ಅಣುಗಳ ಜೋಡಣೆ ಒಂದೇ. ಒಳಗೆ ಸಾಮಾನು ಇರಲಿ ಬಿಡಲಿ, ತಿಜೋರಿಯ ಕಟ್ಟಡ ಬದಲಾಗದು.

ಈ ಜೋಡಣೆಯ ಮೂಲ ಘಟಕ ಒಂದು ಘನ. ಅದರ ಬದಿ ಸುಮಾರು 103 ಆಂಗ್‌ಸ್ಟ್ರಾಮ್, ಒಳಗೆ 24 ಅಣುಗಳು. ಲೆಕ್ಕ ಹಾಕದೆ ಬಿಟ್ಟರೆ ವಾಣಿಜ್ಯ ಪದವೀಧರನಿಗೆ ನಿದ್ರೆ ಬಾರದು. 2 ಮೈಕ್ರಾನು ಬದಿಯ ಒಂದು ಹರಳಿನಲ್ಲಿ ಒಂದು ಸಾಲಿಗೆ 194 ಘಟಕಗಳಂತೆ ಒಟ್ಟು ಸುಮಾರು 73 ಲಕ್ಷ ಘಟಕಗಳು. ಅಣುಗಳು 17 ಕೋಟಿಗೂ ಮೇಲೆ. ವೈರಾಣುಗಳು ಆಕ್ರಮಿಸಿದ ಜಾಗವನ್ನು ಇದರಲ್ಲಿ ಕಳೆಯಬೇಕು, ನಿಜ. ಆದರೂ ಸಾಯುತ್ತಿರುವ ಹುಳುವಿನ ಒಂದು ಜೀವಕೋಶದಲ್ಲಿ, ಮೇಸ್ತ್ರಿಯಿಲ್ಲದೆ, ಇಂತಹ ಹರಳುಗಳು ಹತ್ತಾರು ಏಳುತ್ತವೆ.

ಬೀಗ ತೆರೆಯುವ ಬಗೆಗೂ ರಚನೆಯಿಂದ ಉತ್ತರ ಹೊಳೆಯಿತು. ಪಾಲಿಹೆಡ್ರಿನ್ನಿನ ಅಮೈನೋ ಆಮ್ಲಗಳಲ್ಲಿ ಟೈರೊಸಿನ್ ಎಂಬುದೊಂದು. ತೀಕ್ಷ್ಣ ಕ್ಷಾರದಲ್ಲಿ ಅದು ತನ್ನ ಒಂದು ಜಲಜನಕದ ಅಂಶವನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತದೆ. ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ತಳ್ಳುವುದು ಶಾಲೆಯಲ್ಲಿ ಎಲ್ಲರೂ ಓದಿರುವ ಪಾಠ. ಅದುವರೆಗೆ ಅಪ್ಪಿಕೊಂಡಿದ್ದ ನೆರೆಯ ಅಣುಗಳು ಆಗ ಸಿಡಿದು ದೂರವಾಗುತ್ತವೆ ಎಂಬುದು ಸಂಶೋಧಕರ ವಿವರಣೆ.

ಇಂತಹ ಮಾದರಿ ಸರಿಯೋ ತಪ್ಪೋ ಎಂಬುದನ್ನು ತಾಳೆ ನೋಡುವ ಕ್ರಮವೂ ಉಂಟು, ನಮ್ಮಲ್ಲಿ ಲೆಕ್ಕಪರಿಶೋಧನೆ ಇದ್ದಂತೆ. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಅದರ ಸರಪಣಿಯ ಬಾಗುಕೋನಗಳನ್ನು ರಾಮಚಂದ್ರನ್ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ. ಅದನ್ನು 1963ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಚೆನ್ನೈ ಕನ್ನಡಿಗರು ಇದನ್ನು ತಮ್ಮ ಊರಿನ ಹೆಮ್ಮೆಯೆಂದರೆ ಬೆಂಗಳೂರಿನವರು ಜಗಳವಾಡಲಾರರು.

ನೆಂಟರಲ್ಲದ ಅವಳಿಗಳು

ಮೇಲೆ ಹೇಳಿದ ಎರಡು ಹೆಸರುಗಳಿಗೆ ಈಗ ಬರೋಣ. ಸೈಪೊ ವೈರಸ್ಸಿನ ಆನುವಂಶಿಕ ವಸ್ತು ಆರ್.ಎನ್.ಎ.; ಹಾಲುತೊಂಡೆ ತರುವ ಬಾಕ್ಯುಲೊ ವೈರಸ್ಸಿನದು ಡಿ.ಎನ್.ಎ. ಒಂದಕ್ಕೊಂದು ಸಂಬಂಧವಿಲ್ಲದ ಕುಲಗಳು. ಆದರೆ ಎರಡರ ಹರಳುಗಳಲ್ಲಿಯೂ ಮೂಲ ಘನದ ಅಳತೆ ಬಹುಮಟ್ಟಿಗೆ ಒಂದೇ, ಜೋಡಣೆಯ ಸಮ್ಮಿತಿಯೂ ಒಂದೇ. ಎರಡು ಪ್ರೋಟೀನುಗಳೂ ಒಂದೇ ಪೂರ್ವಜನಿಂದ ಬಂದಿರಬೇಕೆಂದು ಯಾರಾದರೂ ಊಹಿಸುವಂತಿತ್ತು. ಅದೇ ಸಂಶೋಧಕ ತಂಡ 2009ರಲ್ಲಿ ಬಾಕ್ಯುಲೊ ವೈರಸ್ಸಿನ ಹರಳಿನ ರಚನೆಯನ್ನು 2.2 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ಬಿಡಿಸಿತು. ಊಹೆ ತಲೆಕೆಳಗಾಯಿತು! ಅಣುಗಳ ಮಡಿಕೆ ಬೇರೆ, ಪೇರಿಸಿದ ಕ್ರಮ ಬೇರೆ. ಸೈಪೊ ವೈರಸ್ಸಿನ ಇಟ್ಟಿಗೆಗಳು ಕೇವಲ ಬಿಗಿಯಾದ ಹೊಂದಾಣಿಕೆಯಿಂದ ನಿಂತಿದ್ದರೆ, ಇಲ್ಲಿ ಗಂಧಕದ ಪರಮಾಣುಗಳ ನಡುವಣ ಬೆಸುಗೆಗಳಿವೆ. ನೆರೆಯ ಘಟಕಗಳು ಕೈಗೆ ಕೈ ಹೆಣೆದುಕೊಂಡಿವೆ. ಮರುವರ್ಷ, 2010ರಲ್ಲಿ, ಇಂಗ್ಲೆಂಡಿನ ಇನ್ನೊಂದು ತಂಡವೂ ಈ ಹರಳಿನ ರಚನೆಯನ್ನು ಪ್ರಕಟಿಸಿತು. ಪರಸ್ಪರ ಪರಿಚಯವಿಲ್ಲದ ಇಬ್ಬರು ಬಡಗಿಗಳು ಬೇರೆ ಬೇರೆ ಮರದಿಂದ, ಬೇರೆ ಬೇರೆ ಜೋಡಣೆಯಿಂದ, ಅಂಗುಲ ತಪ್ಪದೆ ಒಂದೇ ಅಳತೆಯ ಪೆಟ್ಟಿಗೆ ಮಾಡಿದಂತಾಯಿತು. ಈ ಲೇಖನಕ್ಕಾಗಿ ಓದಿದ ಸಂಗತಿಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದುದು ಇದೇ.

ಇನ್ನೂ ಸಣ್ಣ ಹರಳುಗಳೂ ಇವೆ. ಸೇಬಿನ ಕಾಯಿ ಕೊರೆಯುವ ಒಂದು ಪತಂಗದ ಮರಿಗೆ ತಗುಲುವ ವೈರಾಣು ಒಂದು ಹರಳಿನಲ್ಲಿ ಒಂದೇ ವೈರಾಣುವನ್ನು ಇಡುತ್ತದೆ. ಆ ಹರಳಿನಲ್ಲಿರುವ ಘಟಕಗಳು ಸುಮಾರು 9,000 ಮಾತ್ರ. ಮೇಲಿನ 73 ಲಕ್ಷದೊಡನೆ ಹೋಲಿಸಿ ನೋಡಿ. ಇದಕ್ಕೆ ಸಿಂಕ್ರೊಟ್ರಾನ್ ಸಾಲದು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಕ್ಷ-ಕಿರಣ ಲೇಸರನ್ನು ಬಳಸಬೇಕಾಯಿತು. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಒಂದು ಭಾಗವನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿದರೆ ಬರುವ ಕಾಲಮಾನದಲ್ಲಿ ಅದರ ಮಿಂಚುಗಳನ್ನು ಅಳೆಯುತ್ತಾರೆ. ಮಿಂಚು ತಗುಲಿದ ಹರಳು ನಾಶವಾಗುವುದು ಖಂಡಿತ. ಆದರೆ ನಾಶವಾಗುವ ಮುನ್ನವೇ ಚುಕ್ಕೆಗಳು ದಾಖಲಾಗಿರುತ್ತವೆ. ಹಾಗೆ ಸಾವಿರಾರು ಹರಳುಗಳಿಂದ ಕೂಡಿಸಿದ ಚಿತ್ರ 2017ರಲ್ಲಿ ಪ್ರಕಟವಾಯಿತು.

ಪ್ರಯೋಜನದ ಮಾತು

ತೊಗರಿ, ಕಡಲೆ ಬೆಳೆಯುವ ಕಲಬುರಗಿಯ ಕಡೆಯ ರೈತರಿಗೆ ಕಾಯಿ ಕೊರೆಯುವ ಹುಳು ದೊಡ್ಡ ಶತ್ರು. ಆ ಹುಳುವಿಗೂ ತನ್ನದೇ ಒಂದು ಬಾಕ್ಯುಲೊ ವೈರಸ್ ಇದೆ. ಸತ್ತ ಹುಳುಗಳನ್ನು ಅರೆದು ಸೋಸಿ ತೆಗೆದ ಹರಳುಗಳನ್ನೇ ಗಿಡಕ್ಕೆ ಸಿಂಪಡಿಸುತ್ತಾರೆ. ಇದರ ಅಳತೆಗೆ ‘ಹುಳು ಸಮಾನ’ವೆಂದು ಹೆಸರು, ಒಂದು ಹುಳು ಸಮಾನವೆಂದರೆ 600 ಕೋಟಿ ಹರಳು, ಹೆಕ್ಟೇರಿಗೆ 250 ಹುಳು ಸಮಾನ. ಎಷ್ಟೇ ಗಟ್ಟಿ ತಿಜೋರಿಯಾದರೂ ನೆತ್ತಿಯ ಬಿಸಿಲಿನ ಅತಿನೇರಳೆ ಕಿರಣಗಳನ್ನು ಪೂರ್ಣವಾಗಿ ತಡೆಯಲಾರದು. ಆದುದರಿಂದಲೇ ಸಂಜೆಯ ಹೊತ್ತು ಸಿಂಪಡಿಸಬೇಕೆಂಬ ಸಲಹೆ.

ಇದರಿಂದ ತಿನ್ನುವವರಿಗೆ ಅಪಾಯವಿಲ್ಲವೇ ಎಂದು ಗೃಹಿಣಿಯರು ಕೇಳುವುದು ನ್ಯಾಯ. ಅಮೆರಿಕದ ಸಂಶೋಧಕರು 1973ರಲ್ಲಿ ಪೇಟೆಯಲ್ಲಿ ಮಾರುವ ಎಲೆಕೋಸನ್ನು ಪರೀಕ್ಷಿಸಿದಾಗ ಅದರ ಮೇಲೆ ಪ್ರಕೃತಿಯಲ್ಲಿಯೇ ಬಂದು ಕುಳಿತ ಇಂತಹ ಹರಳುಗಳಿದ್ದುವು. ಅಂದರೆ ಮನುಷ್ಯ ಇವನ್ನು ತಿನ್ನುತ್ತಲೇ ಬಂದಿದ್ದಾನೆ. ಬಾಕ್ಯುಲೊ ವೈರಸ್ಸುಗಳು ಕೀಟವರ್ಗದ ಪ್ರಾಣಿಗಳಿಗೆ ಮಾತ್ರ ರೋಗ ತರುತ್ತವೆ. ಮನುಷ್ಯನ ದೇಹದಲ್ಲಿ ಅವು ವೃದ್ಧಿಯಾಗುವುದಿಲ್ಲ.

ವೈದ್ಯಕ್ಕೆ ಬಂದ ದಾರಿ ಇನ್ನೂ ಸ್ವಾರಸ್ಯಕರ. ತಿಜೋರಿ ಬೇಕಾಗುವುದು ಹೊರಗಿನ ಲೋಕದಲ್ಲಿ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ವೈರಾಣು ಅದಿಲ್ಲದೆಯೂ ಬದುಕುತ್ತದೆ. ಆದರೂ ಅಂಟಿದ ಕೋಶ ರಾಶಿ ರಾಶಿ ಪಾಲಿಹೆಡ್ರಿನ್ ತಯಾರಿಸುತ್ತಲೇ ಇರುತ್ತದೆ. ಆ ಜೀನನ್ನು ತೆಗೆದು ಅದರ ಜಾಗದಲ್ಲಿ ನಮಗೆ ಬೇಕಾದ ಜೀನನ್ನು ಇಟ್ಟರೆ? ಟೆಕ್ಸಾಸಿನಲ್ಲಿ ಮ್ಯಾಕ್ಸ್ ಸಮರ್ಸ್ ಮತ್ತು ಗೇಲ್ ಸ್ಮಿತ್ 1983ರಲ್ಲಿ ಹೀಗೆಯೇ ಮನುಷ್ಯರ ಇಂಟರ್‌ಫೆರಾನನ್ನು ಕೀಟದ ಕೋಶಗಳಿಂದ ಮಾಡಿಸಿದರು. ಜಪಾನೀಯರು 1985ರಲ್ಲಿ ಅದೇ ಬಗೆಯ ಕೆಲಸವನ್ನು ಜೀವಂತ ರೇಷ್ಮೆಹುಳುವಿನಿಂದಲೇ ಮಾಡಿಸಿದರು. ಗರ್ಭಕಂಠದ ಕ್ಯಾನ್ಸರಿನ ವಿರುದ್ಧ 2007ರಲ್ಲಿ ಯೂರೋಪಿನಲ್ಲಿ ಅನುಮತಿ ಪಡೆದ ಸರ್ವಾರಿಕ್ಸ್ ಲಸಿಕೆ ಬಾಕ್ಯುಲೊ ವೈರಸ್ ತಂತ್ರದಿಂದ ತಯಾರಾದುದು. ಅಮೆರಿಕದ ನೋವಾವ್ಯಾಕ್ಸ್ ಕಂಪನಿ ರೂಪಿಸಿ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿ, 2021ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಕೋವೊವ್ಯಾಕ್ಸ್ ಕೂಡ ಅದೇ ತಂತ್ರದ ಫಲ. ಹರಳನ್ನೇ ಔಷಧದ ಡಬ್ಬಿಯನ್ನಾಗಿಸುವ ಪ್ರಯತ್ನವೂ ನಡೆದಿದೆ. ಪಾಲಿಹೆಡ್ರಿನ್ನಿನ ಆ ಸುರುಳಿ ತೋಳನ್ನು ಕೊಕ್ಕೆಯಂತೆ ಬಳಸಿ ಬೆಳವಣಿಗೆಯ ಪ್ರೋಟೀನುಗಳನ್ನು ಹರಳಿನೊಳಗೆ ಕಟ್ಟಿಹಾಕುವುದು ಕ್ಯೋಟೊ ತಂಡದವರ ಉಪಾಯ. ಮೂಳೆ ಬೆಳೆಸುವ ಪ್ರೋಟೀನು ತುಂಬಿದ ಇಂತಹ ಹರಳುಗಳನ್ನು ಪ್ರಾಣಿಗಳಲ್ಲಿ ಪ್ರಯೋಗಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಗಿದೆ.

ರೇಷ್ಮೆಹುಳುವಿಗೇ ರಕ್ಷಣೆ ಕೊಡುವ ಯತ್ನವನ್ನು ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದವರು ಮಾಡಿದ್ದಾರೆ. ವೈರಾಣುವಿಗೆ ಅತ್ಯಗತ್ಯವಾದ ಹಲವು ಜೀನುಗಳ ಬಾಯಿ ಕಟ್ಟುವಂತೆ ಮಾರ್ಪಡಿಸಿದ ಹುಳುವಿನ ವಿವರ 2013ರಲ್ಲಿ ಹೊರಬಂದಿತು. ಆದರೆ ರೋಗ ತಗುಲಿದ ಹುಳುವನ್ನು ಗುಣಪಡಿಸುವ ಔಷಧವಿಲ್ಲ. ಸಾಕುವವರ ಕೈಯಲ್ಲಿರುವುದು ಶುಚಿತ್ವವೊಂದೇ.

ಇಲ್ಲಿಯೇ ಸುಣ್ಣದ ಮಾತು ಬರಬೇಕು. ಹುಳುಮನೆಯ ಸೋಂಕು ನಿವಾರಣೆಗೆ ಶೇಕಡ 2 ಬ್ಲೀಚಿಂಗ್ ಪುಡಿಯನ್ನು ಶೇಕಡ 0.3 ಅರಳಿದ ಸುಣ್ಣದ ನೀರಿನಲ್ಲಿ ಬೆರೆಸಿ ಸಿಂಪಡಿಸಬೇಕೆಂದು ತಜ್ಞರು ಹೇಳುವುದುಂಟು. ಇಷ್ಟು ಕೊಂಚ ಸುಣ್ಣದಿಂದ ಏನಾದೀತೆಂದು ಅದನ್ನು ಬಿಟ್ಟುಬಿಡುವವರನ್ನು ನಾನು ಕಂಡಿದ್ದೇನೆ. ಹರಳಿನ ರಚನೆ ತಿಳಿದವರು ಬಿಡಲಾರರು. ಸುಣ್ಣದ ತೀಕ್ಷ್ಣ ಕ್ಷಾರ ಹುಳುವಿನ ಕರುಳು ಮಾಡುವ ಕೆಲಸವನ್ನೇ ಖಾಲಿ ಮನೆಯಲ್ಲಿ ಮಾಡುತ್ತದೆ. ಬೀಗ ತೆರೆದು ವೈರಾಣುವನ್ನು ಹೊರಗೆ ತರುತ್ತದೆ. ಹೊರಬಿದ್ದುದನ್ನು ಕ್ಲೋರಿನ್ ಮುಗಿಸುತ್ತದೆ. ಊರಿನಲ್ಲಿ ಹಿಪ್ಪುನೇರಳೆ ತೋಟವುಳ್ಳ ಅಣ್ಣತಮ್ಮಂದಿರು ನಮ್ಮ ಸದಸ್ಯರಲ್ಲಿ ಅನೇಕರಿಗಿದ್ದಾರೆ. ಅವರಿಗೆ ಇದನ್ನು ತಿಳಿಸಬಹುದು. ಗೂಡು ಬಿಡಿಸಿದ ಕೂಡಲೆ ಒಮ್ಮೆ, ಮುಂದಿನ ಬೆಳೆಗೆ ಮುನ್ನ ಮತ್ತೊಮ್ಮೆ, ಗೋಡೆ, ನೆಲ, ತಟ್ಟೆ, ಚಂದ್ರಿಕೆ ಎಲ್ಲವೂ ನೆನೆಯುವಂತೆ ಸಿಂಪಡಿಸಬೇಕು. ಬ್ಲೀಚಿಂಗ್ ಪುಡಿ ತೆರೆದಿಟ್ಟಿದ್ದರೆ ಕ್ಲೋರಿನ್ ಹಾರಿಹೋಗಿ ಸತ್ವ ಕಳೆದುಕೊಳ್ಳುತ್ತದೆ, ಹೊಸದನ್ನೇ ತರಬೇಕು. ಸಿಂಪಡಿಸುವವರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದಿಟ್ಟು ಕೆಲಸ ಮಾಡತಕ್ಕದ್ದು. ಆ ದ್ರಾವಣಕ್ಕೆ ಯಾವ ಆಮ್ಲವನ್ನೂ ಬೆರೆಸಕೂಡದು.